ಏಳನೆಯ ಚುಕ್ಕಿ

ಅವತ್ತು ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ಏಳು ಚುಕ್ಕಿಯ ಮುಗ್ಗು ಹಾಕಿ ಒಳಗೆ ಬಂದೆ. ನಮ್ಮ ಕಡೆ ರಂಗೋಲಿಗೆ ಮುಗ್ಗು ಎನ್ನುತ್ತೇವೆ. ನಡುಸಾಲಿಗೆ ಏಳು ಚುಕ್ಕಿ, ಮೇಲೂ ಕೆಳಗೂ ಒಂದೊಂದು ಕಡಿಮೆಯಾಗುತ್ತ ನಾಲ್ಕಕ್ಕೆ ನಿಲ್ಲಬೇಕು. ಮದುವೆಯಾದಾಗಿನಿಂದ ಹಾಕುತ್ತಿದ್ದೇನೆ. ಹಾಲು ಕರೆದು ಬಂದ ಸೊಸೆ ಮಂಜುಳ ಹೊಸಿಲಲ್ಲೇ ನಿಂತಳು.

“ಅತ್ತೆ, ಅರ್ದ ಮುಗ್ಗಾಕಿ ಎದ್ಬಂದ್ಬಿಟ್ರಲ್ಲ?”

“ಕಣ್ಣೆಲ್ಲಿಕ್ಕೊಂಡಿದ್ದೀಯೇ? ಪೂರ್ತಿ ಆಕಿದೀನಿ, ನೆಟ್ಟಗೆ ನೋಡು.”

ಮಧ್ಯಾಹ್ನ ಮುದ್ದೆಗೆ ಪಲ್ಯ ಯಾಕೆ ಬಡಿಸಿಲ್ಲ ಎಂದು ರೇಗಿದೆ. ಪಲ್ಯ ತಟ್ಟೆಯ ಎಡಗಡೆಗಿತ್ತಂತೆ. ಕೈತೊಳೆಯಲು ಎದ್ದಾಗ ಎಡಭುಜ ಬಾಗಿಲಿಗೆ ಬಡಿಯಿತು. ಮಂಜುಳ ಪಕ್ಕದ ಕ್ಯಾಸಂಬಳ್ಳಿಗೆ ಫೋನ್ ಮಾಡಿ ಕಾರು ಕರೆಸಿದಳು.

ಸ್ಟ್ರೋಕ್.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಮೆದುಳಿನ ಬಲಭಾಗದಲ್ಲಿ ಕ್ಲಾಟ್. ಎಂಟು ದಿನ ವಾರ್ಡಿನಲ್ಲಿದ್ದೆ. ಕೈಕಾಲು ಹೆಚ್ಚೇನೂ ಕೆಡಲಿಲ್ಲ, ಎಡಗೈ ಸ್ವಲ್ಪ ಸೋತಿತ್ತು, ಅಷ್ಟೆ. ಡಾಕ್ಟರು ಲೆಫ್ಟ್ ನೆಗ್ಲೆಕ್ಟ್ ಎಂದರು. “ನಿಮ್ಮ ಕಣ್ಣು ಚೆನ್ನಾಗಿವೆ ಅಮ್ಮ. ಎಡಗಡೆ ಅಂತ ಒಂದಿದೆ ಅನ್ನೋದನ್ನ ಮೆದುಳು ಮರೆತಿದೆ.” ತಾನು ಮರೆತಿದ್ದೇನೆ ಎಂಬುದೂ ಅದಕ್ಕೆ ಗೊತ್ತಿರುವುದಿಲ್ಲವಂತೆ. ನಾನು ತಲೆಯಾಡಿಸಿದೆ. ನಂಬಲಿಲ್ಲ.

ಮನೆಗೆ ಬಂದ ಮೇಲೆ ಒಂದೊಂದೇ ಕೆಲಸ ನನ್ನ ಕೈಬಿಟ್ಟಿತು. ಒಲೆ ಬೇಡ, ಸುಟ್ಟುಕೊಳ್ಳುತ್ತೀರಿ. ಹಸುವಿನ ಹತ್ತಿರ ಬೇಡ. ರಸ್ತೆಗಂತೂ ಒಬ್ಬರೇ ಬೇಡವೇ ಬೇಡ. ಮೂವತ್ತು ವರ್ಷ ಅಂಗನವಾಡಿಯಲ್ಲಿ ಊರಿನ ಮಕ್ಕಳನ್ನು ಕೂರಿಸಿ ಏಳಿಸಿದವಳು ನಾನು, ಈಗ ನನ್ನನ್ನು ಕೂರಿಸಿ ಏಳಿಸುತ್ತಿದ್ದರು. ಉಳಿದದ್ದು ಬಾಗಿಲ ಮುಗ್ಗು ಒಂದೇ. ಅದನ್ನು ದಿನಾ ಹಾಕುತ್ತಿದ್ದೆ. ಹಾಲು ಹಾಕಲು ಡೈರಿಗೆ ಹೋಗುವವರು ನೋಡಿ, ಅಮ್ಮನಿಗೆ ವಾಸಿಯಾಯಿತು ಎನ್ನುತ್ತಿದ್ದರು. ನನಗೂ ಹಾಗೇ ಅನ್ನಿಸಿತ್ತು.

ಫಿಸಿಯೋಥೆರಪಿಯ ಹುಡುಗಿ, ಎಡಗಡೆ ನೋಡುವ ಅಭ್ಯಾಸವಾಗಲು ಚಿತ್ರ ಬರೆಯುವುದನ್ನು ಕಲಿಯಿರಿ ಎಂದಳು. ಕೆಜಿಎಫ್‌ನ ಚಾಂಪಿಯನ್ ರೀಫ್ಸಿನಲ್ಲಿ ಸೆಲ್ವಂ ಎಂಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಗಣಿ ಕಾಲದ ತಮ್ಮ ಪುಟ್ಟ ಮನೆಯ ಜಗುಲಿಯಲ್ಲಿ ಭಾನುವಾರ ಹೊಸಬರಿಗೆ ಹೇಳಿಕೊಡುತ್ತಾರೆ. ಮಂಜುಳ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿ ಅಲ್ಲೇ ಮೆಟ್ಟಿಲ ಮೇಲೆ ಕೂತಳು.

ಸ್ಟೂಲಿನ ಮೇಲೆ ಒಂದು ಹಿತ್ತಾಳೆ ಚೊಂಬು. ನೋಡಿ ಬರೆಯಬೇಕು. ನಾನು ಅಭ್ಯಾಸಬಲದಿಂದ ಮೊದಲು ಚುಕ್ಕಿ ಇಟ್ಟೆ.

“ಚೊಂಬಿಗೂ ಚುಕ್ಕಿಯಾ ಅಮ್ಮಾ?” ಮೇಷ್ಟ್ರು ನಕ್ಕರು. ಆಮೇಲೆ ಹಾಳೆ ನೋಡಿ ಕೇಳಿದರು, “ಇನ್ನೊಂದು ಪಾದಿ ಎಲ್ಲಿ?”

ಪಾದಿ ಎಂದರೆ ತಮಿಳಿನಲ್ಲಿ ಅರ್ಧ. ಕೆಜಿಎಫ್ ಸೀಮೆಯವರಿಗೆ ಅದು ಗೊತ್ತು. “ಪೂರ್ತಿ ಐತಲ್ಲ ಮೇಷ್ಟ್ರೇ,” ಅಂದೆ. ಅವರು ವಾದಕ್ಕಿಳಿಯಲಿಲ್ಲ. ಹಾಳೆಯನ್ನು ತಲೆಕೆಳಗಾಗಿ ತಿರುಗಿಸಿ ನನ್ನ ಮುಂದಿಟ್ಟರು.

ಬರೀ ಬಿಳಿ ಹಾಳೆ.

“ನನ್ ಚೊಂಬು ಯಾರು ಅಳಿಸಿದ್ದು?” ಎಂದು ಕೇಳಿದೆ.

ಮತ್ತೆ ತಿರುಗಿಸಿದರು. ಚೊಂಬು ಬಂತು. ಇನ್ನೊಮ್ಮೆ ತಿರುಗಿಸಿದರು. ಹೋಯಿತು. ಡಾಕ್ಟರು ಅಷ್ಟು ಸಲ ಹೇಳಿದ್ದು ಆಗ ಅರ್ಥವಾಯಿತು. ಬರೆದದ್ದು ಎಡಗಡೆಗೆ ಹೋದಾಗ ನನ್ನ ಪಾಲಿಗೆ ಅದು ಇಲ್ಲ. “ಮನೇಲಿ ಮುಗ್ಗು ದಿನಾ ಪೂರ್ತಿ ಆಕ್ತೀನಲ್ಲ,” ಎನ್ನುತ್ತ ಮಂಜುಳಳ ಕಡೆ ನೋಡಿದೆ. ಅವಳು ಚಪ್ಪಲಿ ನೋಡುತ್ತಿದ್ದಳು.

“ನೀವು ಒಳಕ್ಕೋದ್ಮೇಲೆ ಆ ಕಡೇದು ನಾನೇ ಆಕ್ತಿದ್ದೆ, ಅತ್ತೆ. ಡೈರಿಗೋಗೋರು ಏನಾದ್ರೂ ಅಂದಾರು ಅಂತ.”

ನಾಲ್ಕು ತಿಂಗಳು.

ಕೋಪ ಬಂತು. ಕೋಪಕ್ಕಿಂತ ಹೆಚ್ಚು ನಾಚಿಕೆಯಾಯಿತು.  ಮೂರು ದಿನ ಬಾಗಿಲಿಗೆ ಹೋಗಲಿಲ್ಲ, ಮುಗ್ಗು ಅವಳೇ ಹಾಕಿದಳು. ನನಗೆ ಅಂಗನವಾಡಿಯ ಒಂದು ಮಗುವಿನ ನೆನಪಾಯಿತು. ಮೂರು ಕಾಲಿನ ಹಸು ಬರೆದಿತ್ತು. ನಾಲ್ಕನೆಯ ಕಾಲನ್ನು ನಾನೇ ಬರೆದು, ನೋಡು, ಈಗ ಸರಿಯಾಯಿತು ಎಂದಿದ್ದೆ. ಮಗು ಆ ಹಾಳೆಯನ್ನು ಮನೆಗೆ ಒಯ್ಯಲಿಲ್ಲ. ಆಗ ನಾನು ಅದನ್ನು ಯೋಚಿಸಿರಲಿಲ್ಲ.

ಮುಂದಿನ ಭಾನುವಾರ ಮತ್ತೆ ಹೋದೆ. ಮೇಷ್ಟ್ರು ಹಾಳೆಯ ಎಡ ಅಂಚಿಗೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದರು. ಅದು ಕಾಣುವ ತನಕ ಕತ್ತು ತಿರುಗಿಸಬೇಕು, ಕಂಡ ಮೇಲೆ ಅಲ್ಲಿಂದಲೇ ಬರೆಯಲು ಶುರು ಮಾಡಬೇಕು.

“ಚುಕ್ಕಿ ಬಿಡಬೇಡಮ್ಮಾ. ಎಣಿಸು. ಕಣ್ಣು ಸುಳ್ಳು ಹೇಳಿದ್ರೂ ಲೆಕ್ಕ ಸುಳ್ಳು ಹೇಳಲ್ಲ,” ಎಂದರು.

ತಮಿಳರ ಮನೆಗಳಲ್ಲಿ ಮುಗ್ಗಿಗೆ ಕೋಲಂ ಎನ್ನುತ್ತಾರೆ, ಅದರ ಸುತ್ತ ಕಾವಿ ಹಚ್ಚುತ್ತಾರೆ. ಮೇಷ್ಟ್ರ ಮನೆಯವರು ನನಗೊಂದು ಪೊಟ್ಟಣ ಕೆಮ್ಮಣ್ಣು ಕಟ್ಟಿಕೊಟ್ಟರು. ಹೀಗಾಗಿ ನಮ್ಮ ಬಾಗಿಲಲ್ಲಿ ಎಡಗಡೆ ಮಾತ್ರ ಒಂದು ಕೆಂಪು ಗೆರೆ ಬಂತು. ಇದ್ಯಾವ ಹೊಸ ಶಾಸ್ತ್ರ ಎಂದು ಜನ ಕೇಳಿದರು. ಕಾಯಿಲೆ ಶಾಸ್ತ್ರ ಅಂದೆ.

ಕಾಯಿಲೆ ಬಿದ್ದು ಈಗ ಏಳು ತಿಂಗಳಾಗಿದೆ. ಚಿತ್ರ ಬರೆಯುವುದರಲ್ಲಿ ನಾನು ಅಂಥ ಮುಂದೇನೂ ಹೋಗಿಲ್ಲ. ನನ್ನ ಬದನೆಕಾಯಿಯನ್ನು ಮೇಷ್ಟ್ರು ಹಕ್ಕಿ ಎಂದುಕೊಂಡರು. ಮೊದಲಾಗಿದ್ದರೆ ಜಗಳವಾಡುತ್ತಿದ್ದೆ. ಈಗ ಎದುರಿಗಿರುವವರು ಅದು ಹಾಗಲ್ಲ ಎಂದರೆ ಒಂದು ಸಲ ಕತ್ತು ತಿರುಗಿಸಿ ನೋಡುತ್ತೇನೆ. ಇದು ಐವತ್ತೆಂಟನೆಯ ವಯಸ್ಸಿಗೆ ಬಂದ ಬುದ್ಧಿ, ಸ್ಟ್ರೋಕ್ ಆಗದಿದ್ದರೆ ಬರುತ್ತಿತ್ತೋ ಇಲ್ಲವೋ ಹೇಳಲಾರೆ. ಒಲೆಯ ಕೆಲಸಕ್ಕೆ ಡಾಕ್ಟರು ಒಪ್ಪಿದ್ದಾರೆ. ರಸ್ತೆಗೆ ಇನ್ನೂ ಇಲ್ಲ.

ಮೊನ್ನೆ ಬೆಳಿಗ್ಗೆ ಮುಗ್ಗು ಮುಗಿಸಿ ನಡುಸಾಲು ಎಣಿಸಿದೆ. ಆರು. ಮತ್ತೆ ಎಣಿಸಿದೆ. ಆರೇ. ನನ್ನ ಕಣ್ಣಿಗೆ ಮುಗ್ಗು ತುಂಬಿಕೊಂಡೇ ಇತ್ತು, ಎಲ್ಲೂ ಜಾಗ ಖಾಲಿಯಿರಲಿಲ್ಲ.

“ಮಂಜುಳಾ, ಒಂದು ಚುಕ್ಕಿ ಬಿಟ್ಟಿದೀನಿ. ಎಲ್ಲೈತೆ ನೋಡು ಬಾ.”

ಕೊಟ್ಟಿಗೆಯಿಂದ ಬಂದಳು. ಅಭ್ಯಾಸಕ್ಕೆ ಬಗ್ಗಿ ಪುಡಿಯ ಬಟ್ಟಲಿಗೆ ಕೈ ಹಾಕಿದವಳು, ಯಾಕೋ ಹಿಂದಕ್ಕೆ ತೆಗೆದಳು. ಹಸುವಿನ ವಾಸನೆಯ ಆ ಕೈಯಿಂದ ನನ್ನ ಗಲ್ಲ ಹಿಡಿದು ಎಡಕ್ಕೆ ತಿರುಗಿಸಿದಳು. ಇನ್ನೂ ಸ್ವಲ್ಪ ತಿರುಗಿಸಿದಳು. ಕೆಂಪು ಗೆರೆ ಕಂಡಿತು. ಅದರ ಪಕ್ಕ ಒಂದು ಚುಕ್ಕಿಯಷ್ಟು ಬರೀ ನೆಲ.

“ಇಲ್ಲಿ, ಅತ್ತೆ.”

ಏಳನೆಯದನ್ನು ನಾನೇ ಇಟ್ಟೆ.