ಮೆಣಸಿನಕಾಯಿಗೆ ಉಡಿ

ಖಾನಾಪುರದಿಂದ ದುಬೈಗೆ ನಮ್ಮ ರಫ್ತು ಕಂಪನಿ ಹಸಿಮೆಣಸಿನಕಾಯಿ ಕಳಿಸಿದ್ದು ಅದೇ ಮೊದಲ ಸಲ. ಹಡಗಿಗೆ ಹೋಗುವ ತಂಪು ಕಂಟೇನರ್ ತುಂಬಿತ್ತು. ಇನ್ನೇನು ಬಾಗಿಲು ಹಾಕಬೇಕು, ಅಷ್ಟರಲ್ಲಿ ಹೊಲದೊಡತಿ ಗಂಗವ್ವ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಿಡಿದು ಒಳಗೆ ಹತ್ತಿ ಉಡಿ ತುಂಬತೊಡಗಿದಳು.

"ಯವ್ವಾ, ತಂಪೆಲ್ಲಾ ಹೊರಗ ಹೊಂಟೈತಿ, ಲಗೂ ಬಾಗಲ ಹಾಕೂಣ್ರಿ!"

"ಗಂಡನ ಮನಿಗೆ ಮಗಳನ್ನ ಕಳಸೂ ಮುಂದ ಯಾರರ ಬಾಗಲ ಹಾಕತಾರೇನ್ರಿ?"

ತಾಪಮಾನದ ಮುಳ್ಳು ಏರುತ್ತಿತ್ತು, ನಾನು ಬೆವರುತ್ತಿದ್ದೆ.

ಪುಣ್ಯಕ್ಕೆ ಮಾಲು ಕೆಡದೆ ಮುಟ್ಟಿತು. ಆದರೆ ನಮ್ಮ ಬೆಳಗಾವಿ ಆಫೀಸಿಗೆ ದುಬೈಯಿಂದ ಫ್ಯಾಕ್ಸ್ ಬಂತು: ಕಾಗದಪತ್ರದಲ್ಲಿ ಇಲ್ಲದ ಈ ಅಕ್ಕಿ, ಕೊಬ್ಬರಿ, ಬಟ್ಟೆ ಏನು? ಕೂಡಲೇ ವಿವರಣೆ ಕೊಡಿ.

ಮುಂದಿನ ಸಲ ಕಂಟೇನರ್ ಬಂದಾಗ ಗಂಗವ್ವ ಮೊದಲು ಒಳಗೆ ಇಣುಕಿದಳು.

"ಖಾಲಿನ ಕಳಸ್ಯಾರಲ್ರೀ! ಎಂಥಾ ಬೀಗರ್ರೀ ಇವರು?"

ವಿವರಣೆ ಕೊಡಬೇಕಾದವರು ನಾವೋ ಅವರೋ, ನನಗೆ ಇವತ್ತಿಗೂ ತಿಳಿದಿಲ್ಲ.