ಸಿಸ್ಟರಮ್ಮನ ಎಡಗೈ

ಮೊನ್ನೆ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಪಕ್ಕದ ಮೆಡಿಕಲ್ ಸ್ಟೋರಿನಲ್ಲಿ ಹೆಂಗಸೊಬ್ಬಳು ಗಂಧಕದ ಸೋಪು ಕೊಂಡು, ಕಾಗದ ಬಿಚ್ಚಿ ಮೂಸಿ ನೋಡಿದಳು. ಆ ವಾಸನೆ ನನ್ನನ್ನು ಚಾಮರಾಜನಗರದ ಕಾನ್ವೆಂಟಿನ ಬಚ್ಚಲಿಗೆ ಎಳೆದೊಯ್ದಿತು.

ಒಂದನೇ ಕ್ಲಾಸಿನಲ್ಲಿ ನನಗೆ ಮೈತುಂಬ ಕಜ್ಜಿ. ಯಾರೂ ಪಕ್ಕದಲ್ಲಿ ಕೂರುತ್ತಿರಲಿಲ್ಲ. ಪಾಠ ಹೇಳುತ್ತಿದ್ದ ಕೇರಳದ ಸಿಸ್ಟರೇ ಮಧ್ಯಾಹ್ನ ನೀರು ಕಾಯಿಸಿ ನನಗೆ ಸ್ನಾನ ಮಾಡಿಸುತ್ತಿದ್ದರು. ಒಂದು ದಿನ ಶಿವದಾರ ಉಜ್ಜಿ ಕೊರಳು ಹುಣ್ಣಾಗಿದ್ದು ಕಂಡು, ಲಿಂಗವನ್ನು ಮೆಲ್ಲಗೆ ತೆಗೆದರು.

"ಇದನ್ನ ಎಲ್ಲಿ ಇಡಲಿ ಮೋಳೆ?" ಮಗಳೇ ಎನ್ನುವುದಕ್ಕೆ ಅವರ ಮಲಯಾಳದ ಮಾತು ಅದು.

"ಎಲ್ಲೂ ಇಡ್ಬ್ಯಾಡಿ ಸಿಸ್ಟರ್, ಅಜ್ಜಿ ಬೈತದ."

ಅವರು ಅದನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು, ಬಲಗೈಯೊಂದರಿಂದಲೇ ಸೋಪು ಹಚ್ಚಿ ನೀರು ಹಾಕತೊಡಗಿದರು.

ಅಷ್ಟರಲ್ಲಿ ಹರವೆ ಊರಿನಿಂದ ಅಜ್ಜಿ ಬಂದಳು. ಕಾನ್ವೆಂಟಿನವರು ಮಕ್ಕಳ ಲಿಂಗ ತೆಗೆಸುತ್ತಾರೆಂದು ಯಾರೋ ಅವಳ ಕಿವಿ ಊದಿದ್ದರು. ನನ್ನನ್ನು ಶಾಲೆ ಬಿಡಿಸಲೆಂದೇ ಬಂದಿದ್ದಳು. ನನ್ನ ಬರಿಗೊರಳು ನೋಡಿ ಅವಳ ಮುಖ ಬಿಗಿಯಿತು. ಆಮೇಲೆ ಕಣ್ಣು ಸಿಸ್ಟರ ಎಡಗೈಯ ಮೇಲೆ ನಿಂತಿತು. ದಿನಾ ಬೆಳಿಗ್ಗೆ ಪೂಜೆಗೆ ಕೂತಾಗ ಅಜ್ಜಿ ತನ್ನ ಲಿಂಗವನ್ನು ಹಿಡಿಯುತ್ತಿದ್ದುದೂ ಹಾಗೆಯೇ.

ಸಿಸ್ಟರ್ ಅದನ್ನು ಅವಳತ್ತ ಚಾಚಿದರು. ಅಜ್ಜಿ ತೆಗೆದುಕೊಳ್ಳಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಚೊಂಬು ಎತ್ತಿಕೊಂಡಳು.

"ನೀವು ಇಡ್ಕಂಡಿರಿ ಸಿಸ್ಟರಮ್ಮ, ನೀರ ನಾ ಉಯ್ತೀನಿ."

ಹತ್ತನೇ ಕ್ಲಾಸಿನವರೆಗೂ ನಾನು ಅಲ್ಲೇ ಓದಿದೆ.

ಮೊನ್ನೆ ನಾನೂ ಒಂದು ಗಂಧಕದ ಸೋಪು ಕೊಂಡು ತಂದೆ. ಮನೆಯಲ್ಲಿ ಯಾರಿಗೂ ಕಜ್ಜಿಯಿಲ್ಲ.