ಮುಳುಗಲೊಲ್ಲದ ಎತ್ತುಗಳು

ಮೊನ್ನೆ ಸಿಂಧನೂರಿನ ಬಜಾರಿನಲ್ಲಿ ತಳ್ಳುಗಾಡಿಯೊಂದರ ಮೇಲೆ ಮಣ್ಣೆತ್ತುಗಳು ಸಾಲಾಗಿ ನಿಂತಿದ್ದವು. ಇನ್ನೂ ಪೂರ್ತಿ ಒಣಗಿರಲಿಲ್ಲ. ಹಸಿಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನೆನಪಾದದ್ದು ಮಾತ್ರ ಪ್ಲಾಸ್ಟಿಕ್ಕಿನ ಎತ್ತುಗಳು. ಅವುಗಳ ಹಿಂದೆಯೇ ಮಸ್ಕಿಯ ನಮ್ಮ ಓಣಿಯ ಹಿಂದಿ ಮಾಸ್ತರರು ನೆನಪಾದರು. ಜೋಡಿ ಎತ್ತು ಕೊಂಡು, ಚೌಕಾಶಿ ಮಾಡುವುದನ್ನೂ ಮರೆತು ಮನೆಗೆ ಬಂದೆ.

ನಮ್ಮ ಮನೆಗೂ ಅವರ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆಯಷ್ಟೇ ಇತ್ತು. ಶಾಲೆಯಲ್ಲಿ ಹಿಂದಿ, ಮನೆಯಲ್ಲಿ ಹೆಂಡತಿಯೊಡನೆ ದಖನಿ ಉರ್ದು, ಓಣಿಯಲ್ಲಿ ನಮ್ಮೆಲ್ಲರೊಡನೆ ಕನ್ನಡ. ಮೂರು ಭಾಷೆಯಲ್ಲೂ ಅವರದು ಮೆಲುದನಿಯೇ. ಒಮ್ಮೆ ದುಬೈಯಲ್ಲಿದ್ದ ಅವರ ಭಾವಮೈದುನ ರಜೆಗೆ ಬಂದಾಗ ಮನೆಯ ಮಕ್ಕಳಿಗೆಂದು ಜೋಡಿಸುವ ಇಟ್ಟಂಗಿಗಳ ಡಬ್ಬಿಯೊಂದನ್ನು ತಂದ. ಉಗುರಿನಷ್ಟು ಚಿಕ್ಕ ಪ್ಲಾಸ್ಟಿಕ್ ಇಟ್ಟಂಗಿಗಳು, ಒಂದರ ತಲೆಗೆ ಇನ್ನೊಂದು ಟಕ್ಕೆಂದು ಕೂರುವಂಥವು. ಮಕ್ಕಳು ಅರ್ಧ ಗೋಪುರ ಕಟ್ಟಿ ಬೇಸತ್ತು ಗೋಲಿ ಆಡಲು ಹೋದರು. ಉಳಿದರ್ಧ ಮುಗಿಸೋಣವೆಂದು ಮಾಸ್ತರರು ಕೂತರು. ಅಲ್ಲಿಗೆ ಮುಗಿಯಿತು, ಆ ಹುಚ್ಚು ಅವರನ್ನು ಕಡೆತನಕ ಬಿಡಲಿಲ್ಲ.

ಆಮೇಲೆ ದುಬೈಯಿಂದ ಅತ್ತರು, ಖರ್ಜೂರ ಬರದಿದ್ದರೂ ನಡೆಯುತ್ತಿತ್ತು, ಡಬ್ಬಿ ಬರಲೇಬೇಕಿತ್ತು. ಓಣಿಯವರು ಅವರನ್ನು ‘ಇಟ್ಟಂಗಿ ಮಾಸ್ತರ’ ಎಂದು ಆಡಿಕೊಂಡು ನಕ್ಕರು. ಅವರೂ ಜೊತೆಗೆ ನಕ್ಕರು. ಆಗ ಐದನೆಯ ಕ್ಲಾಸಿನಲ್ಲಿದ್ದ ನಾನು ಗೋಡೆ ಹತ್ತಿ ಅತ್ತ ಇಳಿದರೆ ಅಜ್ಜಿ ಕೂಗುವವರೆಗೂ ಇತ್ತ ಬರುತ್ತಿರಲಿಲ್ಲ. ಅವರದೊಂದು ಕಟ್ಟುನಿಟ್ಟು ಇತ್ತು. ಡಬ್ಬಿಯೊಳಗಿನ ಪುಸ್ತಿಕೆಯ ಕೊನೆಯ ಹಾಳೆಯಲ್ಲಿ ಆ ಕೋಟೆಯನ್ನೋ ಹಡಗನ್ನೋ ವಿನ್ಯಾಸ ಮಾಡಿದವರ ಫೋಟೋ, ಹೆಸರು ಇರುತ್ತಿದ್ದವು. ಆ ಹೆಸರನ್ನು ಜೋರಾಗಿ ಓದಿ, ಹಣೆಗೆ ಕೈ ಹಚ್ಚಿ, ‘ಉಸ್ತಾದಗ ಸಲಾಂ’ ಅನ್ನದೆ ಯಾರೂ ಇಟ್ಟಂಗಿ ಮುಟ್ಟುವಂತಿರಲಿಲ್ಲ.

“ಊಟಕ್ಕ ಕುಂತಾಗ ದೇವರ ಹೆಸರು ತಗೋತೀವಿಲ್ಲ? ಆಟಕ್ಕ ಕುಂತಾಗ ಮಾಡಿದವನ ಹೆಸರರ ಹೇಳಬ್ಯಾಡೇನು, ಬೇಟಾ?” ಅನ್ನುತ್ತಿದ್ದರು.

ಅವರಿಗೆ ತೀರಾ ಹಿಡಿಸಿದ್ದು ಒಂದು ಕೋಟೆಯ ಸರಣಿ. ಡಬ್ಬಿಯಿಂದ ಡಬ್ಬಿಗೆ ಕಥೆ ಮುಂದುವರಿಯುತ್ತಿತ್ತು. ಬೆಟ್ಟದ ಮೇಲೊಂದು ಕೋಟೆ, ಶಾಪದಿಂದ ಮುಚ್ಚಿಹೋದ ಹೆಬ್ಬಾಗಿಲು, ಒಳಗೆ ದೀಪ ಹಿಡಿದು ಸಿಕ್ಕಿಬಿದ್ದ ಒಬ್ಬ ಮುದುಕಿ. ಅವಳನ್ನು ಬಿಡಿಸಲು ಒಂದು ಡಬ್ಬಿಯಲ್ಲಿ ರಾಜ ಬಂದ, ಒಂದರಲ್ಲಿ ಮಂತ್ರಗಾರ ಬಂದ, ಇನ್ನೊಂದರಲ್ಲಿ ರೆಕ್ಕೆಯ ಘಟಸರ್ಪವೇ ಬಂತು. ಬಾಗಿಲು ತೆರೆಯಲಿಲ್ಲ. ಕೊನೆಯ ಡಬ್ಬಿಯಲ್ಲಿ ತೆರೆಯುತ್ತದೆ ಎಂದು ಮಾಸ್ತರರೂ, ಲಿಂಗಸೂಗೂರಿನ ಮೆಡಿಕಲ್ ಅಂಗಡಿಯ ಸಾವ್ಕಾರರೂ ಕಾದರು. ಈ ಸಾವ್ಕಾರರು ದಿನಾ ಲಿಂಗಪೂಜೆ ಮುಗಿಸದೆ ನೀರು ಮುಟ್ಟದವರು, ಇಟ್ಟಂಗಿಯ ಹುಚ್ಚಿನಲ್ಲಿ ಮಾತ್ರ ಮಾಸ್ತರರಿಗೆ ಸರಿಜೋಡಿ. ಅವರ ಅಂಗಡಿಯ ಮೇಲಿನ ಕೋಣೆಯಲ್ಲಿ ಆಗಾಗ ಸಿಂಧನೂರು, ಮಸ್ಕಿ ಕಡೆಯ ನಾಲ್ಕಾರು ಜನ ಇದೇ ಹುಚ್ಚಿನವರು ಸೇರುತ್ತಿದ್ದರು.

ಒಂದು ದಿನ ಸಿಂಧನೂರಿನ ಇಂಟರ್ನೆಟ್ ಸೆಂಟರಿಗೆ ಹೋಗಿ ಬಂದ ಮಾಸ್ತರರು ಊಟಕ್ಕೆ ಏಳಲಿಲ್ಲ. ಕಂಪನಿಯವರು ಆ ಸರಣಿಯನ್ನೇ ನಿಲ್ಲಿಸಿಬಿಟ್ಟಿದ್ದರು.

“ಮುದುಕಿ ಒಳಗೇ ಉಳದ್ಲು,” ಎಂದರಂತೆ. ಖಾಲಾ, ಅಂದರೆ ಅವರ ಹೆಂಡತಿ, ಯಾವ ಮುದುಕಿ, ಯಾರ ಮನೆಯ ಮುದುಕಿ ಎಂದು ಗಾಬರಿಬಿದ್ದು ನಮ್ಮ ಅಜ್ಜಿಯನ್ನು ನೋಡಲು ಓಡಿಬಂದಿದ್ದರು. ಅಜ್ಜಿ ಆರಾಮಾಗಿ ಅಡಿಕೆ ಕುಟ್ಟುತ್ತಿದ್ದಳು.

ಆದರೆ ಮಾಸ್ತರರು ಮುದುಕಿಯನ್ನು ಒಳಗೇ ಬಿಡುವವರಲ್ಲ. ಕಥೆಯ ಕೊನೆಯನ್ನು ತಾವೇ ಕಟ್ಟಲು ಕೂತರು. ಮುದಗಲ್ಲಿಗೆ ಹೋಗಿ ಕೋಟೆಯ ಬಾಗಿಲುಗಳನ್ನು ಹಿಂದೆ ಮುಂದೆ ನೋಡಿ ಬಂದರು. ವಾರಗಟ್ಟಲೆ ಕಟ್ಟಿದರು, ಕೆಡವಿದರು. ಒಂದು ಸಂಜೆ ನನ್ನ ಮುಂದೆ ಅವರ ಮುಖ ಅರಳಿತು.

“ರಾಜ ಬಂದ, ಮಂತ್ರಗಾರ ಬಂದ, ಹಾರೋ ಹಾವು ಬಂತು. ಒಬ್ಬರರ ಜೋಡಿ ಎತ್ತು ಹೂಡಿ ಜಗ್ಗಿ ನೋಡ್ಯಾರೇನು ಬೇಟಾ?”

ಹೀಗೆ ಎತ್ತುಗಳು ಹುಟ್ಟಿದವು. ಮರಗಳ ಡಬ್ಬಿಯ ಕಂದು ಇಟ್ಟಂಗಿಯಿಂದ ಒಂದು, ಕೋಟೆಗೋಡೆಯ ಬಿಳಿ ಇಟ್ಟಂಗಿಯಿಂದ ಇನ್ನೊಂದು. ಘಟಸರ್ಪದ ಉಗುರುಗಳೇ ಕೋಡುಗಳಾದವು. ಟೊಳ್ಳು ಹೊಟ್ಟೆ, ಹೆಗಲ ಮೇಲೆ ಉಬ್ಬಿ ನಿಂತ ಒಳ್ಳೆಯ ಇಣಿ. ಅವುಗಳ ನೊಗದಿಂದ ಬಾಗಿಲಿಗೆ ಸರಪಳಿ. ಎತ್ತು ಮುಂದೆ ಸರಿದರೆ ಬಾಗಿಲು ನಿಜವಾಗಿ ತೆರೆಯುತ್ತಿತ್ತು! ಮಣ್ಣೆತ್ತಿನ ಅಮವಾಸ್ಯೆಯ ಮರುದಿನ ಲಿಂಗಸೂಗೂರಿನಲ್ಲಿ ಎಲ್ಲರೂ ಸೇರಿ ನೋಡುವುದೆಂದು, ಸಾವ್ಕಾರರ ಅಳಿಯ ಅದರ ಫೋಟೋವನ್ನು ಅಭಿಮಾನಿಗಳ ಅಂತರ್ಜಾಲ ಪುಟಕ್ಕೆ ಏರಿಸುವುದೆಂದು ಮಾತಾಯಿತು. ಆ ಪುಟವನ್ನು ವಿನ್ಯಾಸಗಾರರೂ ನೋಡುತ್ತಾರೆಂದು ಯಾರೋ ಹೇಳಿದ್ದರು. ‘ಉಸ್ತಾದ ನೋಡ್ತಾನ’ ಎಂಬ ಒಂದೇ ಮಾತು ಮಾಸ್ತರರ ಬಾಯಲ್ಲಿ. ಫೋಟೋಕ್ಕೆಂದು ಎತ್ತುಗಳನ್ನು ಸಾಬೂನು ಹಚ್ಚಿ ತೊಳೆದು, ಅಮವಾಸ್ಯೆಯ ಬೆಳಗ್ಗೆ ಗೋಡೆಯ ಮೇಲೆ ಬಿಸಿಲಿಗಿಟ್ಟು, ಏನೋ ಕೆಲಸವಿದೆಯೆಂದು ಜವಳಗೇರಾಕ್ಕೆ ಹೋದರು.

ಇಲ್ಲಿ ಒಂದು ಮಾತು ಹೇಳಬೇಕು. ಅಜ್ಜಿಗೆ ಮೊಣಕಾಲು ನೋವು ಶುರುವಾದಂದಿನಿಂದ ಅಮವಾಸ್ಯೆಯಂದು ಪೂಜಿಸಿ ನೀರಿಗೆ ಬಿಡುವ ಅವಳ ಮಣ್ಣೆತ್ತುಗಳನ್ನು ಕುಂಬಾರರ ಮನೆಯಿಂದ ತಂದುಕೊಡುತ್ತಿದ್ದವರು ಮಾಸ್ತರರೇ. ತಂದು ಇಡುತ್ತಿದ್ದದ್ದೂ ಅದೇ ಗೋಡೆಯ ಮೇಲೆ.

ನಾನು ಶಾಲೆಯಿಂದ ಬರುವಷ್ಟರಲ್ಲಿ ಪೂಜೆ ಮುಗಿದು ಮನೆಯೆಲ್ಲ ಕರಿಗಡುಬಿನ ವಾಸನೆ. ಕೈಕಾಲು ತೊಳೆದು ಇನ್ನೂ ಬಾಯಿಗೆ ಇಟ್ಟಿರಲಿಲ್ಲ, ಹಾಳೆಯಲ್ಲಿ ಸುತ್ತಿದ ಮಣ್ಣೆತ್ತು ಹಿಡಿದು ಮಾಸ್ತರರು ಬಾಗಿಲಲ್ಲಿ ನಿಂತಿದ್ದರು.

“ಬಸ್ ತಡಾ ಆತ್ರಿ ಅವ್ವಾರ. ತಪ್ಪು ತಿಳಕೋಬ್ಯಾಡ್ರಿ.”

“ಮತ್ತ ಮುಂಜಾನಿ ಗ್ವಾಡಿ ಮ್ಯಾಲೆ ಇಟ್ಟಿದ್ರಲ್ಲ ಮಾಸ್ತರ? ಈಗ ಎಲ್ಲಾನೂ ಪ್ಲಾಸ್ಟಿಕ್ ಬಂದಾವ, ಎತ್ತೂ ಬಂದಾವ ಅಂದ್ಕೊಂಡು ಪೂಜಿ ಮಾಡಿ, ಈಗರ ಬಾವಿಗೆ ಬಿಟ್ಟು ಬಂದೆ.”

ಮಾಸ್ತರರು ಮಣ್ಣೆತ್ತುಗಳನ್ನು ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟರು. ಆ ಮುಖ ನೋಡಲಾಗದೆ ನಾನೇ ಅಳುತ್ತ ಅಜ್ಜಿಗೆ ಎಲ್ಲ ಹೇಳಿದೆ... ಕೋಟೆ, ಬಾಗಿಲು, ಮುದುಕಿ, ನಾಳೆಯ ಲಿಂಗಸೂಗೂರು. ಅಜ್ಜಿ ಕಂಬ ಹಿಡಿದು ಕೂತಳು. ಅವಳ ಸಂಕಟ ಎರಡು ಬಗೆಯದು. ಮಂದಿಯ ಜೀವದಂಥ ವಸ್ತುವನ್ನು ಹಾಳುಮಾಡಿದೆನಲ್ಲ ಎಂಬುದೊಂದು. ಗಂಗವ್ವನಿಗೆ ಒಪ್ಪಿಸಿದ್ದನ್ನು ತಿರುಗಿ ತೆಗೆಯಬಾರದಲ್ಲ ಎಂಬುದು ಇನ್ನೊಂದು.

“ಇರಲಿ ಬಿಡ್ರಿ ಅವ್ವಾರ. ಕೊಟ್ಟದ್ದು ಕೊಟ್ಟಂಗ. ನಾ ಮತ್ತ ಮಾಡ್ತೀನಿ,” ಎಂದರು ಮಾಸ್ತರರು. ಮತ್ತೆ ಮಾಡಲು ಆ ಇಟ್ಟಂಗಿಗಳೇ ಇಲ್ಲವೆಂದು ನನಗೆ ಗೊತ್ತಿತ್ತು.

ಅಜ್ಜಿ ಎದ್ದಳು. ಗೋಡೆ ಹಿಡಿಯುತ್ತ ಹಿತ್ತಲ ಬಾವಿಗೆ ಹೋಗಿ ಬಗ್ಗಿ ನೋಡಿದಳು. ನಾವೂ ಹಿಂದೆ ಓಡಿದೆವು. ಬಾವಿಯ ನೀರಿನ ಮೇಲೆ, ಅರಿಷಿಣ ಕುಂಕುಮ ಹಚ್ಚಿಸಿಕೊಂಡು, ಚೆಂಡು ಹೂವಿನ ಎಸಳುಗಳ ನಡುವೆ, ಜೋಡಿ ಎತ್ತು ತೇಲುತ್ತಿದ್ದವು! ಒಂದು ಮಗ್ಗುಲಾಗಿ, ಒಂದು ಕಾಲು ಮೇಲೆ ಮಾಡಿ. ಹೊಟ್ಟೆಯ ಗಾಳಿ ಅವುಗಳನ್ನು ಎತ್ತಿ ಹಿಡಿದಿತ್ತು. ಅಜ್ಜಿ ಬಹಳ ಹೊತ್ತು ನೋಡಿದಳು. ನಾವಿಬ್ಬರೂ ನೀರನ್ನು ಬಿಟ್ಟು ಅವಳ ಬಾಯಿಯನ್ನೇ ನೋಡುತ್ತಿದ್ದೆವು.

“ಮಣ್ಣಿನ ಎತ್ತು ಕರಗಿ ಗಂಗವ್ವನ ಹೊಟ್ಟಿಗೆ ಸೇರ್ತಾವ. ಇವನ್ನ ಆಕಿ ಒಲ್ಲೆ ಅಂದಾಳ,” ಎಂದಳು ಕೊನೆಗೆ. “ಇವಕ್ಕ ಇನ್ನೂ ದುಡಿಯೋದೈತಿ, ಕರಕೊಂಡು ಹೋಗಪಾ ಅಂತಾಳ. ಕೊಡ ಬಿಡ್ರಿ ಮಾಸ್ತರ, ನೋಡಾಕತ್ತೀರೇನು?”

ಮಾಸ್ತರರು ನಕ್ಕರೋ ಅತ್ತರೋ ನನಗೆ ಇಂದಿಗೂ ಹೇಳಲಾಗದು. ಎಷ್ಟು ಸಲ ಕೊಡ ಬಿಟ್ಟರೂ ಎತ್ತುಗಳು ಪಕ್ಕಕ್ಕೆ ಸರಿಯುತ್ತಿದ್ದವು. ಅಜ್ಜಿ ಮೇಲಿಂದ ‘ಬರ್ರ, ಬರ್ರ’ ಎಂದು ನಿಜವಾದ ಎತ್ತನ್ನು ಕರೆದಂತೆ ಕರೆದಳು. ಕೊನೆಗೆ ಎರಡೂ ಮೇಲೆ ಬಂದವು. ಕಂದು ಎತ್ತಿನ ಒಂದು ಕೋಡು ಮಾತ್ರ ಕಳಚಿ ತಳ ಸೇರಿತ್ತು. ಮಾಸ್ತರರು ತಂದಿದ್ದ ಮಣ್ಣೆತ್ತುಗಳಿಗೆ ಅಜ್ಜಿ ಮತ್ತೊಮ್ಮೆ ಪೂಜೆ ಮಾಡಿ ಬಾವಿಗೆ ಬಿಟ್ಟಳು. ಅವು ಸುಮ್ಮನೆ ಮುಳುಗಿದವು. ನಾನು ಅಂದು ಎಷ್ಟು ಕಡುಬು ತಿಂದೆನೋ ಲೆಕ್ಕವಿಲ್ಲ.

ಮರುದಿನ ಕೋಟೆಯನ್ನು ಖಾಲಾ ಹಿಟ್ಟು ನಾದುವ ದೊಡ್ಡ ಪರಾತದಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಕುಣಿಯುತ್ತ ಲಿಂಗಸೂಗೂರಿಗೆ ಹೋದೆವು. ಅಂಗಡಿಯ ಮೇಲಿನ ಕೋಣೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದರು. ಮಾಸ್ತರರು ಎತ್ತುಗಳನ್ನು ಬೆರಳಿನಿಂದ ಮುಂದೆ ನೂಕಿದರು. ಸರಪಳಿ ಬಿಗಿಯಿತು, ಬಾಗಿಲು ತೆರೆಯಿತು.

“ಹೊರಗ ಬಂದ್ಲಪಾ ಮುದುಕಿ. ಸಾಕು,” ಎಂದು ಸಾವ್ಕಾರರು ಹಣೆಯ ವಿಭೂತಿ ಅಳಿಸುವಂತೆ ಬೆವರು ಒರೆಸಿಕೊಂಡರು. ಆ ಕೋಣೆ ತುಂಬ ಒಂದು ನಿಟ್ಟುಸಿರು ಹರಡಿತು. ಅಂಥ ಹಗುರವನ್ನು ನಾನು ಆಮೇಲೆ ಪರೀಕ್ಷೆ ಪಾಸಾದಾಗಲೂ ಕಂಡಿಲ್ಲ. ಫೋಟೋ ನೋಡಿದವರು ಯಾರೋ, ಒಂದು ಎತ್ತಿಗೆ ಒಂದೇ ಕೋಡು ಯಾಕೆಂದು ಕೇಳಿದ್ದರಂತೆ. ‘ಇನ್ನೊಂದು ಗಂಗವ್ವನ ಹತ್ರ ಐತಿ ಅಂತ ಬರಿ’ ಎಂದು ಮಾಸ್ತರರು ಅಳಿಯನಿಗೆ ಹೇಳಿದರು. ಉಸ್ತಾದ ನೋಡಿದನೋ ಇಲ್ಲವೋ, ತಿಳಿಯಲಿಲ್ಲ... ಅದರ ಬಗ್ಗೆ ಅವರು ಮತ್ತೆ ಮಾತೂ ತೆಗೆಯಲಿಲ್ಲ.

ಮುಂದೆ ಪ್ರತಿ ಅಮವಾಸ್ಯೆಗೆ ಮಣ್ಣೆತ್ತಿನ ಜೊತೆಗೆ ಆ ಎತ್ತುಗಳೂ ಗೋಡೆ ದಾಟಿ ಬಂದವು. ಪೂಜೆ ಮಾಡಿಸಿಕೊಂಡು, ಕೊಡದ ನೀರಿನಲ್ಲಿ ಒಮ್ಮೆ ತೇಲಿ, ಕೋಟೆಯ ಬಾಗಿಲಿಗೆ ಹಿಂದಿರುಗುತ್ತಿದ್ದವು. ಅಜ್ಜಿ ಹೋದಳು. ನಾನು ಮದುವೆಯಾಗಿ ಸಿಂಧನೂರಿಗೆ ಬಂದೆ. ಕೆಲವು ವರ್ಷಗಳ ಹಿಂದೆ ಮಾಸ್ತರರೂ ಹೋದರು, ನಿದ್ದೆಯಲ್ಲೇ, ಯಾರಿಗೂ ತೊಂದರೆ ಕೊಡದೆ. ಕೋಟೆ ಲಿಂಗಸೂಗೂರಿನ ಸಾವ್ಕಾರರ ಮನೆ ಸೇರಿತು. ಮಾತಾಡಿಸಿಬರಲು ಮಸ್ಕಿಗೆ ಹೋದ ನನ್ನ ಮಡಿಲಿಗೆ ಖಾಲಾ ಎತ್ತುಗಳನ್ನು ಹಾಕಿದರು. “ಇವು ನಿಮ್ಮ ಮನಿವು, ಬೇಟಿ. ನಮ್ಮಲ್ಲಿ ಮೇಯಾಕ ಬಿಟ್ಟಿದ್ರಿ ಅಷ್ಟ.” ಅಂದು ಬಸ್ಸಿನಲ್ಲಿ ಸಿಂಧನೂರಿನವರೆಗೂ ಅತ್ತಿದ್ದೆ.

ಈಗ ನಮ್ಮ ಮನೆಯಲ್ಲಿ ಬಾವಿಯಿಲ್ಲ, ಬಕೆಟ್ಟೇ ಗಂಗವ್ವ. ಮೊನ್ನೆ ಪೂಜೆ ಮುಗಿಸಿ ಎಲ್ಲವನ್ನೂ ಬಿಟ್ಟೆ. ಮಣ್ಣೆತ್ತುಗಳು ಕರಗಿ ನೀರು ಕೆಂಪಾಯಿತು. ಪ್ಲಾಸ್ಟಿಕ್ ಎತ್ತುಗಳು ಮೇಲೆದ್ದು ಬಂದವು. ಪ್ರತಿ ವರ್ಷವೂ ಏಳುತ್ತವೆಂದು ಗೊತ್ತಿದ್ದರೂ ಏಳುವ ತನಕ ನಾನು ಬಕೆಟ್ಟು ಬಿಟ್ಟು ಕದಲುವುದಿಲ್ಲ. ಒರೆಸಿ ಮಗಳ ಕೈಗೆ ಕೊಟ್ಟೆ. ಇಟ್ಟಂಗಿಗಳ ಸಂದಿಯಲ್ಲಿ ಅಜ್ಜಿಯ ಕಾಲದ ಅರಿಷಿಣ ಇನ್ನೂ ಹಾಗೆಯೇ ಇದೆ.

ಅವಳು ಒಂಟಿ ಕೋಡಿನ ಎತ್ತನ್ನು ತಿರುಗಿಸಿ ನೋಡಿ, ಆಡಲು ಕೂರುವ ಮುನ್ನ, ನಾನು ಕಲಿಸಿದ್ದಂತೆ, ಕೇಳಿದಳು, “ಅವ್ವಾ, ಇವನ್ನ ಮಾಡಿದ ಉಸ್ತಾದ ಯಾರು?”

ಅವರ ಹೆಸರನ್ನು ಬಾಯಿಬಿಟ್ಟು ಹೇಳಿ ಎಷ್ಟು ಕಾಲವಾಗಿತ್ತೋ... ಮಾಸ್ತರರು ಎಂದೇ ಕರೆದು ರೂಢಿ. ಹಣೆಗೆ ಕೈ ಹಚ್ಚಿದೆ. ಜೋರಾಗಿ, ಅಕ್ಷರ ಅಕ್ಷರವಾಗಿ, ಪೂರ್ತಿ ಹೆಸರು ಹೇಳಿದೆ.